ಶಾಲೆಯ ವರ್ಷದ ಲೆಕ್ಕವನ್ನು ಊರಿನ ಮುಂದಿಡುವುದು ಹೇಗೆ? ಮುಖ್ಯ ಶಿಕ್ಷಕರಿಗೂ ಎಸ್‌ಡಿಎಂಸಿಗೂ ಸಮಗ್ರ ಮಾರ್ಗದರ್ಶಿ

ಏಪ್ರಿಲ್‌ನಲ್ಲಿ ಫಲಿತಾಂಶದ ಹೊತ್ತಿಗೆ ನಡೆಯುವ ‘ಸಮುದಾಯದತ್ತ ಶಾಲೆ’ ಸಭೆ ಮುಗಿದ ಮೇಲೆ ಎರಡು ಬಗೆಯ ದೂರು ಕೇಳಿಬರುತ್ತದೆ. ‘ವರದಿ ಓದಿದೆವು, ಯಾರೂ ಕಿವಿಗೊಡಲಿಲ್ಲ’ ಎಂದು ಶಿಕ್ಷಕರು. ‘ಏನೋ ಓದಿದರು, ಅಂಕಪಟ್ಟಿ ಕೊಟ್ಟರು, ಬಂದೆವು’ ಎಂದು ಪೋಷಕರು. ಎರಡೂ ನಿಜ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕಳುಹಿಸಿದ ಮಾಹಿತಿಯನ್ನೇ ಊರಿನವರ ಮುಂದೆ ಗಟ್ಟಿಯಾಗಿ ಓದಿದರೆ ಆಗುವುದೇ ಹೀಗೆ. ಕಚೇರಿಗೆ ಬೇಕಾದದ್ದು ನಮೂನೆ ಭರ್ತಿಯಾಗಿರುವುದು. ತಾಯಿಗೆ ಬೇಕಾದದ್ದು ಬೇರೆ: ನನ್ನ ಮಗು ಓದುತ್ತಿದೆಯೇ, ಬಂದ ಹಣ ಎಲ್ಲಿ ಹೋಯಿತು, ಕಳೆದ ವರ್ಷ ಮಾಡುತ್ತೇವೆ ಎಂದದ್ದು ಆಯಿತೇ?

ಈ ಮೂರಕ್ಕೆ ಉತ್ತರವಿಲ್ಲದ ವರದಿ ಎಷ್ಟು ಪುಟವಿದ್ದರೂ ವರದಿಯಲ್ಲ. ಕೆಳಗಿನ ಕ್ರಮವನ್ನು ಒಂದರಿಂದ ಏಳನೇ ತರಗತಿಯವರೆಗಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯನ್ನು ಮನಸ್ಸಿನಲ್ಲಿಟ್ಟು ಬರೆದಿದೆ. ಉದಾಹರಣೆಯ ಅಂಕಿಗಳೆಲ್ಲ ಲೆಕ್ಕದ ರೀತಿ ತೋರಿಸಲು ಕಲ್ಪಿಸಿಕೊಂಡವು. ನಿಮ್ಮ ಶಾಲೆಯ ಅಂಕಿಗಳನ್ನು ಅಲ್ಲಿ ತುಂಬಿಕೊಳ್ಳಿ.

## ಆರಂಭಿಸುವ ಮುನ್ನ ಮೇಜಿನ ಮೇಲೆ ಇರಬೇಕಾದವು

ದಾಖಲಾತಿ ವಹಿ, ಎಲ್ಲ ತರಗತಿಗಳ ಹಾಜರಾತಿ ವಹಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ನಡಾವಳಿ ಪುಸ್ತಕ, ನಗದು ಪುಸ್ತಕ ಮತ್ತು ವೋಚರ್ ಕಡತ, ಬ್ಯಾಂಕ್ ಪಾಸ್‌ಬುಕ್, ಬಿಸಿಯೂಟದ ದಾಸ್ತಾನು ವಹಿ, ಯು-ಡೈಸ್ (ದೇಶದ ಶಾಲೆಗಳ ವಾರ್ಷಿಕ ಮಾಹಿತಿ ಸಂಗ್ರಹ) ಮಾಹಿತಿಯ ಮುದ್ರಿತ ಪ್ರತಿ, ಎಸ್‌ಎಟಿಎಸ್‌ನಿಂದ (ರಾಜ್ಯ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ) ತೆಗೆದ ತರಗತಿವಾರು ಪಟ್ಟಿ, ಶಾಲಾ ಅಭಿವೃದ್ಧಿ ಯೋಜನೆ. ಜೊತೆಗೆ ಒಂದು ಕ್ಯಾಲ್ಕುಲೇಟರ್, ನಾಲ್ಕು ಡ್ರಾಯಿಂಗ್ ಹಾಳೆ, ದಪ್ಪ ಸ್ಕೆಚ್ ಪೆನ್.

ಸಭೆಗೆ ಕನಿಷ್ಠ ಮೂರು ವಾರ ಮೊದಲು ಕೆಲಸ ಹಿಡಿಯಿರಿ. ಕೊನೆಯ ಎರಡು ದಿನದಲ್ಲಿ ಮಾಡಿದ ವರದಿ ಕಳೆದ ವರ್ಷದ್ದರ ನಕಲಾಗಿರುತ್ತದೆ, ಇಸವಿ ಮಾತ್ರ ಬದಲಾಗಿರುತ್ತದೆ. ಕೆಲವೊಮ್ಮೆ ಇಸವಿಯೂ ಬದಲಾಗಿರುವುದಿಲ್ಲ.

ಕೆಲಸಕ್ಕೆ ಮೂವರು ಸಾಕು: ಮುಖ್ಯ ಶಿಕ್ಷಕರು, ಲೆಕ್ಕದಲ್ಲಿ ಕೈಯಿರುವ ಒಬ್ಬ ಸಹಶಿಕ್ಷಕರು, ಎಸ್‌ಡಿಎಂಸಿಯ ಒಬ್ಬ ಪೋಷಕ ಸದಸ್ಯರು. ಮೂರನೆಯವರನ್ನು ಬಿಡಬೇಡಿ. ಶಿಕ್ಷಣ ಹಕ್ಕು ಕಾಯ್ದೆ, 2009ರ 21ನೇ ಪ್ರಕರಣದ ಪ್ರಕಾರ ಸಮಿತಿಯ ಸದಸ್ಯರಲ್ಲಿ ಮುಕ್ಕಾಲು ಭಾಗಕ್ಕೆ ಕಡಿಮೆಯಿಲ್ಲದಂತೆ ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಅನುದಾನದ ಬಳಕೆಯ ಮೇಲೆ ಕಣ್ಣಿಡುವುದು ಅದೇ ಸಮಿತಿಯ ಕೆಲಸ. ವರದಿ ತಯಾರಾದ ಮೇಲೆ ಸಹಿಗೆ ಮಾತ್ರ ಅವರನ್ನು ಕರೆಯುವುದು ಈ ವ್ಯವಸ್ಥೆಯನ್ನೇ ತಲೆಕೆಳಗು ಮಾಡಿದಂತೆ.

## ಹಂತ 1: ಕಳೆದ ವರ್ಷದ ನಡಾವಳಿ ಪುಸ್ತಕದಿಂದ ಶುರುಮಾಡಿ

ಹೆಚ್ಚಿನವರು ಈ ವರ್ಷದ ಸಾಧನೆಯಿಂದ ಆರಂಭಿಸುತ್ತಾರೆ. ಅದು ತಪ್ಪು ತುದಿ. ಮೊದಲು ಹಿಂದಿನ ವರ್ಷದ ಸಭೆಯ ನಡಾವಳಿ ತೆರೆದು, ಆಗ ಒಪ್ಪಿಕೊಂಡ ಒಂದೊಂದು ಕೆಲಸವನ್ನೂ ಬಿಡಿ ಹಾಳೆಯಲ್ಲಿ ಬರೆದುಕೊಳ್ಳಿ. ಶಾಲಾ ಅಭಿವೃದ್ಧಿ ಯೋಜನೆಯಲ್ಲಿ ಈ ವರ್ಷಕ್ಕೆ ಇಟ್ಟುಕೊಂಡಿದ್ದ ಕೆಲಸಗಳನ್ನೂ ಅದಕ್ಕೆ ಸೇರಿಸಿ.

ಪ್ರತಿಯೊಂದರ ಎದುರು ಮೂರರಲ್ಲಿ ಒಂದು ಮಾತು: ಆಗಿದೆ, ಅರ್ಧ ಆಗಿದೆ, ಆಗಿಲ್ಲ. ‘ಪ್ರಗತಿಯಲ್ಲಿದೆ’ ಎಂಬ ನಾಲ್ಕನೆಯ ಮಾತಿಗೆ ಜಾಗ ಕೊಡಬೇಡಿ. ಅದರ ಮರೆಯಲ್ಲಿ ಎಷ್ಟು ವರ್ಷ ಬೇಕಾದರೂ ಅಡಗಿರಬಹುದು. ಆಗದಿದ್ದರೆ ಕಾರಣವನ್ನು ಒಂದು ಸಾಲಿನಲ್ಲಿ, ಯಾರ ಬಳಿ ನಿಂತಿದೆ ಎಂಬುದರೊಂದಿಗೆ ಬರೆಯಿರಿ. ‘ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿನ ಪೈಪು: ಆಗಿಲ್ಲ. ಗ್ರಾಮ ಪಂಚಾಯಿತಿಗೆ ಆಗಸ್ಟ್‌ನಲ್ಲಿ ಅರ್ಜಿ ಕೊಟ್ಟಿದ್ದೇವೆ, ಉತ್ತರ ಬಂದಿಲ್ಲ.’ ಇಷ್ಟು ಸಾಕು. ಈ ಸಾಲನ್ನು ಸಭೆಯಲ್ಲಿ ಓದುವಾಗ ಪಂಚಾಯಿತಿ ಸದಸ್ಯರು ಅಲ್ಲಿಯೇ ಕುಳಿತಿದ್ದರೆ ಅರ್ಧ ಕೆಲಸ ಆದಂತೆ.

ನಡಾವಳಿಯಲ್ಲಿ ಹಾಗೆ ಒಪ್ಪಿಕೊಂಡ ಕೆಲಸವೇ ಇಲ್ಲ, ಬರೀ ‘ಸಭೆಯು ವಂದನಾರ್ಪಣೆಯೊಂದಿಗೆ ಮುಕ್ತಾಯಗೊಂಡಿತು’ ಎಂದಿದೆಯೇ? ಹಾಗಾದರೆ ಈ ಬಾರಿಯ ಸಭೆ ನಿಮ್ಮ ಮೊದಲನೆಯ ಸಭೆ ಎಂದುಕೊಂಡು, ಹಂತ 8ನ್ನು ಎರಡು ಬಾರಿ ಓದಿ.

## ಹಂತ 2: ಯಾವ ಅಂಕಿ ಯಾವ ದಿನದ್ದು ಎಂದು ನಿಗದಿಮಾಡಿ, ಮಕ್ಕಳನ್ನು ಎಣಿಸಿ

ಒಂದೇ ಶಾಲೆಗೆ ಮೂರು ದಾಖಲಾತಿ ಸಂಖ್ಯೆ ಇರುವುದು ಮೋಸವಲ್ಲ, ದಿನಾಂಕದ ವ್ಯತ್ಯಾಸ. ಯು-ಡೈಸ್ ಸಂಖ್ಯೆ ಸೆಪ್ಟೆಂಬರ್ 30ರ ಸ್ಥಿತಿ. ಎಸ್‌ಎಟಿಎಸ್‌ನಲ್ಲಿ ಕಾಣುವುದು ನೀವು ನೋಡಿದ ದಿನದ್ದು. ಹಣದ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31. ಪಾಠದ ವರ್ಷ ಬೇಸಿಗೆ ರಜೆ ಮುಗಿದು ಬಾಗಿಲು ತೆರೆದಾಗಿನಿಂದ. ಆದ್ದರಿಂದ ಪ್ರತಿ ಅಂಕಿಯ ಪಕ್ಕದಲ್ಲಿ ದಿನಾಂಕ ಕಡ್ಡಾಯ.

ಮುಂದಿನದು ಏರಿಳಿತದ ಲೆಕ್ಕ. ‘ಕಳೆದ ವರ್ಷ 71, ಈ ವರ್ಷ 64’ ಎಂದಷ್ಟೇ ಹೇಳಿದರೆ ಸಭೆಯಲ್ಲಿ ಗುಸುಗುಸು ಏಳುತ್ತದೆ, ಶಾಲೆ ಮುಚ್ಚುತ್ತಾರಂತೆ ಎಂಬಲ್ಲಿಗೆ ಹೋಗಿ ನಿಲ್ಲುತ್ತದೆ. ಬಿಡಿಸಿ ಹೇಳಿ: ಏಳನೇ ತರಗತಿ ಮುಗಿಸಿ ಹೋದವರು 12, ಒಂದನೇ ತರಗತಿಗೆ ಸೇರಿದವರು 9, ನಡುವೆ ವರ್ಗಾವಣೆ ಪತ್ರ ಪಡೆದವರು 5, ಬೇರೆಡೆಯಿಂದ ಬಂದವರು 1. 71ರಲ್ಲಿ 12 ಕಳೆದು, 9 ಕೂಡಿಸಿ, 5 ಕಳೆದು, 1 ಕೂಡಿಸಿದರೆ 64. ಈಗ ಪ್ರಶ್ನೆ ಸ್ಪಷ್ಟವಾಯಿತು. ಏಳನೆಯದನ್ನು ಮುಗಿಸಿ ಹೋಗುವವರನ್ನು ತಡೆಯಲಾಗದು. ಊರು ಯೋಚಿಸಬೇಕಾದದ್ದು ಆ 5 ವರ್ಗಾವಣೆ ಪತ್ರಗಳ ಬಗ್ಗೆ. ಕೆಲಸ ಹುಡುಕಿ ಗುಳೆ ಹೋದ ಮನೆಯವರೇ, ಖಾಸಗಿ ಶಾಲೆಯ ಬಸ್ ಹತ್ತಿದವರೇ? ಕಾರಣವನ್ನು ಸಂಖ್ಯೆಯಲ್ಲಿ ಹೇಳಿ, ಮನೆಯ ಹೆಸರು ಹಿಡಿದು ಹೇಳಬೇಡಿ.

## ಹಂತ 3: ಹಾಜರಾತಿಯ ಸರಾಸರಿಯನ್ನು ನಂಬಬೇಡಿ

ಅತಿ ಹೆಚ್ಚು ಎಡವುವುದು ಇಲ್ಲಿ. ಲೆಕ್ಕ ಸುಲಭ: ಎಲ್ಲ ಮಕ್ಕಳೂ ಬಂದ ದಿನಗಳ ಮೊತ್ತವನ್ನು, ಮಕ್ಕಳ ಸಂಖ್ಯೆಗೆ ಕೆಲಸದ ದಿನಗಳನ್ನು ಗುಣಿಸಿದ ಸಂಖ್ಯೆಯಿಂದ ಭಾಗಿಸಿ, ನೂರರಿಂದ ಗುಣಿಸಿ.

ಐದನೇ ತರಗತಿಯಲ್ಲಿ 10 ಮಕ್ಕಳು, ತಿಂಗಳಿಗೆ 24 ಕೆಲಸದ ದಿನ. ಒಟ್ಟು 240. ವಹಿಯಲ್ಲಿ 204 ಹಾಜರಿ ಇದೆ. ಶೇ 85. ಕೇಳಲು ಚೆನ್ನಾಗಿದೆ, ವರದಿಯಲ್ಲಿ ಇದನ್ನೇ ಬರೆದು ಮುಂದಕ್ಕೆ ಹೋಗುತ್ತಾರೆ. ಈಗ ಅದೇ ವಹಿಯನ್ನು ಅಡ್ಡಸಾಲಿನಲ್ಲಿ, ಮಗುವಿನಿಂದ ಮಗುವಿಗೆ ಓದಿ. ಎಂಟು ಮಕ್ಕಳು ಒಂದು ದಿನವೂ ತಪ್ಪಿಸಿಲ್ಲ, ಅಂದರೆ 192. ಉಳಿದ 12 ಹಾಜರಿ ಇನ್ನಿಬ್ಬರದು. ತಲಾ ಆರು ದಿನ. ಶೇ 85ರ ಹಿಂದೆ ಶಾಲೆಯಿಂದ ಜಾರಿಹೋಗುತ್ತಿರುವ ಇಬ್ಬರು ಮಕ್ಕಳಿದ್ದಾರೆ.

ಆದ್ದರಿಂದ ಪ್ರತಿ ತರಗತಿಗೂ ಎರಡು ಅಂಕಿ ಕೊಡಿ: ಸರಾಸರಿ, ಮತ್ತು ನಾಲ್ಕರಲ್ಲಿ ಮೂರು ದಿನವೂ ಬಾರದ ಮಕ್ಕಳ ಸಂಖ್ಯೆ. ಎರಡನೆಯದೇ ಮುಖ್ಯ. ಶಾಲೆ ಎಷ್ಟು ದಿನ ನಡೆಯಿತು ಎಂಬುದನ್ನೂ ಬರೆಯಿರಿ. ಕಾಯ್ದೆಯ ಅನುಸೂಚಿಯ ಪ್ರಕಾರ ಒಂದರಿಂದ ಐದಕ್ಕೆ ಕನಿಷ್ಠ 200 ದಿನ, ಆರರಿಂದ ಎಂಟಕ್ಕೆ 220 ದಿನ.

ತಿಂಗಳುವಾರು ನೋಡಿದರೆ ಇನ್ನೊಂದು ಸಂಗತಿ ಹೊರಬರುತ್ತದೆ. ಹತ್ತಿ ಬಿಡಿಸುವ ತಿಂಗಳು, ಅಡಿಕೆ ಕೊಯ್ಲು, ಊರ ಜಾತ್ರೆ, ಕಬ್ಬು ಕಡಿಯಲು ಹೊರಟ ಕುಟುಂಬಗಳು: ಹಾಜರಾತಿ ಬೀಳುವ ತಿಂಗಳು ಊರಿಗೊಂದು. ಅದನ್ನು ಗುರುತಿಸಿ ಸಭೆಗೆ ಹೇಳಿದರೆ ಮುಂದಿನ ವರ್ಷಕ್ಕೆ ಏನು ಮಾಡಬಹುದೆಂದು ಊರಿನವರೇ ಹೇಳುತ್ತಾರೆ.

## ಹಂತ 4: ಕಲಿಕೆಯನ್ನು ತಲೆಯೆಣಿಕೆಯಲ್ಲಿ ಹೇಳಿ, ಶೇಕಡಾವಾರಿನಲ್ಲಿ ಬೇಡ

ರೂಪಣಾತ್ಮಕ (ಕಲಿಕೆಯ ನಡುವಿನ), ಸಂಕಲನಾತ್ಮಕ (ಅವಧಿಯ ಕೊನೆಯ) ಮೌಲ್ಯಮಾಪನಗಳ ಶ್ರೇಣಿಗಳು ನಿಮ್ಮ ಬಳಿ ಇವೆ. ಅವನ್ನು ಒಟ್ಟುಗೂಡಿಸಿ ‘ಶೇ 92 ಮಕ್ಕಳು ಬಿ ಪ್ಲಸ್ ಮತ್ತು ಮೇಲ್ಪಟ್ಟ ಶ್ರೇಣಿ’ ಎಂದರೆ ಹೊಲದಿಂದ ಬಂದು ಕುಳಿತ ತಂದೆಗೆ ಏನೂ ತಿಳಿಯದು. ಅವರಿಗೆ ಅರ್ಥವಾಗುವ ಅಳತೆ ಓದು ಮತ್ತು ಲೆಕ್ಕ.

ನಾಲ್ಕರಿಂದ ಏಳನೇ ತರಗತಿಯ ಪ್ರತಿ ಮಗುವಿಗೂ ಪಠ್ಯಪುಸ್ತಕದಲ್ಲಿ ಇಲ್ಲದ, ನಾಲ್ಕೈದು ಸಾಲಿನ ಒಂದು ಕನ್ನಡ ಪರಿಚ್ಛೇದ ಕೊಟ್ಟು ಒಬ್ಬೊಬ್ಬರನ್ನೇ ಓದಿಸಿ. ಬಾಯಿಪಾಠವಾದ ಪಾಠ ಕೊಟ್ಟರೆ ಎಲ್ಲರೂ ಓದುತ್ತಾರೆ. ಪರೀಕ್ಷೆ ಅಲ್ಲಿಗೇ ವ್ಯರ್ಥ. ಅಕ್ಷರ ಗುರುತಿಸುತ್ತಾರೆ, ಪದ ಓದುತ್ತಾರೆ, ವಾಕ್ಯ ಓದುತ್ತಾರೆ, ಪರಿಚ್ಛೇದ ಓದುತ್ತಾರೆ ಎಂದು ನಾಲ್ಕು ಮೆಟ್ಟಿಲು ಮಾಡಿ. ಲೆಕ್ಕಕ್ಕೂ ಹೀಗೆಯೇ: ಎರಡಂಕಿ ಸಂಖ್ಯೆ ಗುರುತಿಸುವುದು, ದಶಕ ಇಲ್ಲದ ಸಂಕಲನ, ದಶಕ ಪಡೆಯುವ ವ್ಯವಕಲನ, ಭಾಗಾಕಾರ. ಒಂದು ಮಗುವಿಗೆ ಐದು ನಿಮಿಷ ಸಾಕು.

ಈ ಪರೀಕ್ಷೆಯನ್ನು ಜೂನ್‌ನಲ್ಲೊಮ್ಮೆ ಮಾಡಿಟ್ಟುಕೊಂಡಿದ್ದರೆ ಮಾತ್ರ ಪ್ರಗತಿ ಎಂಬ ಪದ ಬಳಸುವ ಹಕ್ಕು ನಿಮಗಿದೆ. ಇಲ್ಲದಿದ್ದರೆ ‘ಈಗಿನ ಸ್ಥಿತಿ’ ಎಂದಷ್ಟೇ ಬರೆಯಿರಿ. ಫಲಕದ ಮೇಲೆ ಹೀಗೆ ಕಾಣಬೇಕು:

ಐದನೇ ತರಗತಿ, ಕನ್ನಡ ಓದು, 10 ಮಕ್ಕಳು
ಅಕ್ಷರ ಮಾತ್ರ: ಜೂನ್‌ನಲ್ಲಿ 3, ಮಾರ್ಚ್‌ನಲ್ಲಿ 1
ಪದ: 2, 1
ವಾಕ್ಯ: 2, 2
ಪರಿಚ್ಛೇದ: 3, 6

ಇಲ್ಲಿ ಮೂರು ತಪ್ಪು ಪದೇ ಪದೇ ಆಗುತ್ತವೆ. ಮೊದಲನೆಯದು, ಈ ವರ್ಷದ ಐದನೇ ತರಗತಿಯನ್ನು ಕಳೆದ ವರ್ಷದ ಐದನೇ ತರಗತಿಗೆ ಹೋಲಿಸುವುದು. ಆ ಮಕ್ಕಳೇ ಬೇರೆ, ಈ ಮಕ್ಕಳೇ ಬೇರೆ. ಅದೇ ಮಕ್ಕಳನ್ನು ಜೂನ್‌ನಿಂದ ಮಾರ್ಚ್‌ಗೆ ಹೋಲಿಸಿ. ಎರಡನೆಯದು, ಹತ್ತು ಮಕ್ಕಳ ತರಗತಿಗೆ ಶೇಕಡಾವಾರು ಹಾಕುವುದು. ಒಂದು ಮಗು ಜ್ವರದಿಂದ ಮಲಗಿದರೆ ಹತ್ತು ಅಂಶ ಬಿದ್ದುಹೋಗುತ್ತದೆ. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು: ಪರೀಕ್ಷೆಯ ದಿನ ಬಾರದ ಮಕ್ಕಳನ್ನು ಲೆಕ್ಕದಿಂದಲೇ ತೆಗೆದುಹಾಕುವುದು. ಅವರೇ ಹೆಚ್ಚಾಗಿ ಹಿಂದುಳಿದವರು. ‘ಇಬ್ಬರನ್ನು ಪರೀಕ್ಷಿಸಲಾಗಲಿಲ್ಲ’ ಎಂದು ಒಂದು ಸಾಲು ಹಾಕಿ.

ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿ ತರಗತಿಗಳಿಗೆ (ಒಂದರಿಂದ ಮೂರು) ಹೊಸ ಪರೀಕ್ಷೆ ಬೇಡ. ಪ್ರಗತಿನೋಟದಲ್ಲಿ ಮಗು ಯಾವ ಮೈಲಿಗಲ್ಲಿನಲ್ಲಿದೆ ಎಂಬುದನ್ನೇ ಎಣಿಸಿ.

## ಹಂತ 5: ಹಣದ ಲೆಕ್ಕ ಒಂದೇ ಹಾಳೆಯಲ್ಲಿ

ಸಮಗ್ರ ಶಿಕ್ಷಾ ಯೋಜನೆಯ ಶಾಲಾ ಅನುದಾನ ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ: 30ರವರೆಗೆ 10,000 ರೂಪಾಯಿ, 31ರಿಂದ 100ರವರೆಗೆ 25,000, 101ರಿಂದ 250ರವರೆಗೆ 50,000, 251ರಿಂದ 1000ದವರೆಗೆ 75,000, ಅದಕ್ಕೂ ಮೇಲೆ ಒಂದು ಲಕ್ಷ. ಇದರಲ್ಲಿ ಕನಿಷ್ಠ ಶೇ 10 ಸ್ವಚ್ಛತೆಗೆ. ಇವು ಗರಿಷ್ಠ ಮಿತಿಗಳು. ಕಂತಿನಲ್ಲಿ ಕಡಿಮೆ ಬಂದಿದ್ದರೆ ಬಂದಷ್ಟನ್ನೇ ಬರೆಯಿರಿ. ಆದೇಶದಲ್ಲಿರುವ ಮೊತ್ತ ಬರೆದು, ಬಂದಿಲ್ಲದ ಹಣಕ್ಕೆ ಸಭೆಯಲ್ಲಿ ಉತ್ತರ ಹುಡುಕಬೇಡಿ.

ಹಾಳೆ ಹೀಗಿರಲಿ. ಆರಂಭದ ಶಿಲ್ಕು 3,140. ಅನುದಾನ 25,000. ಬ್ಯಾಂಕ್ ಬಡ್ಡಿ 212. ಒಟ್ಟು 28,352. ಖರ್ಚು: ಸ್ವಚ್ಛತೆ 2,900, ಬೋಧನಾ ಸಾಮಗ್ರಿ, ಸೀಮೆಸುಣ್ಣ, ವಹಿಗಳು 6,450, ವಾಚನಾಲಯದ ಪುಸ್ತಕ, ದಿನಪತ್ರಿಕೆ 4,180, ಹೆಂಚು ಮತ್ತು ನಲ್ಲಿ ದುರಸ್ತಿ 9,700. ಒಟ್ಟು ಖರ್ಚು 23,230. ಉಳಿಕೆ 5,122.

ಈಗ ನಗದು ಪುಸ್ತಕದ ಉಳಿಕೆಯನ್ನು ಪಾಸ್‌ಬುಕ್ಕಿನ ಜೊತೆ ಇಟ್ಟು ನೋಡಿ. ವ್ಯತ್ಯಾಸ ಬಂದರೆ ಇನ್ನೂ ನಗದಾಗದ ಚೆಕ್ ಇರಬಹುದು, ಬಡ್ಡಿ ಬರೆಯಲು ಮರೆತಿರಬಹುದು. ಯಾವುದೆಂದು ತಿಳಿಯುವವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ. ‘ಇತರೆ ವೆಚ್ಚ’ ಎಂಬ ಸಾಲು ಒಟ್ಟು ಖರ್ಚಿನಲ್ಲಿ ಹತ್ತನೇ ಒಂದು ಭಾಗ ದಾಟಿದ್ದರೆ ಅದನ್ನು ಒಡೆದು ಬರೆಯಿರಿ, ಇಲ್ಲವೆಂದರೆ ಸಭೆಯ ಎಲ್ಲ ಪ್ರಶ್ನೆಗಳೂ ಆ ಸಾಲಿಗೇ ಬರುತ್ತವೆ.

ದಾನಿಗಳು ಕೊಟ್ಟ ತಟ್ಟೆ, ಬೆಂಚು, ಗೋಡೆ ಗಡಿಯಾರಗಳಿಗೆ ಪ್ರತ್ಯೇಕ ಪಟ್ಟಿ. ದಾಸ್ತಾನು ವಹಿಯಲ್ಲಿ ಸೇರಿಸಿದ ಪುಟ ಸಂಖ್ಯೆಯೂ ಅದರಲ್ಲಿರಲಿ. ಹಳೆ ವಿದ್ಯಾರ್ಥಿಗಳು ಹಣ ಕೊಟ್ಟಿದ್ದರೆ ಅದೂ ಶಾಲೆಯ ಖಾತೆಯಲ್ಲಿಯೇ ಕಾಣಬೇಕು. ಯಾರದೋ ಜೇಬಿನಲ್ಲಿರುವ ‘ಶಾಲಾ ನಿಧಿ’ ಇಡೀ ವರದಿಯ ಮರ್ಯಾದೆ ಕಳೆಯುತ್ತದೆ.

## ಹಂತ 6: ಬಿಸಿಯೂಟ, ನೀರು, ಶೌಚಾಲಯ

ಇದಕ್ಕೆ ಅರ್ಧ ಪುಟ ಸಾಕು. ಆದರೆ ಅಕ್ಕಿಯ ಲೆಕ್ಕವನ್ನು ಒಮ್ಮೆ ತಾಳೆ ನೋಡಿ. ಪ್ರಮಾಣ ಒಂದರಿಂದ ಐದಕ್ಕೆ ದಿನಕ್ಕೆ ತಲಾ 100 ಗ್ರಾಂ ಧಾನ್ಯ, ಆರರಿಂದ ಎಂಟಕ್ಕೆ 150 ಗ್ರಾಂ. ಚಿಕ್ಕವರು 40, ದೊಡ್ಡವರು 15 ಮಂದಿ ಉಂಡ ದಿನ 4 ಕಿಲೋ ಮತ್ತು 2.25 ಕಿಲೋ, ಅಂದರೆ 6.25 ಕಿಲೋ. ಹಾಜರಾತಿ ವಹಿ ಒಂದು ಹೇಳಿ, ದಾಸ್ತಾನು ವಹಿ ಇನ್ನೊಂದು ಹೇಳುತ್ತಿದ್ದರೆ ಅಡುಗೆಯವರನ್ನು ಕೇಳಿ. ನಿಜವಾಗಿ ಎಷ್ಟು ತಟ್ಟೆ ತೊಳೆದರೆಂಬುದು ಅವರಿಗೆ ಗೊತ್ತಿರುತ್ತದೆ.

ಶೌಚಾಲಯದ ಬಗ್ಗೆ ‘ಇದೆ’ ಎಂದು ಬರೆಯಬೇಡಿ. ಬೀಗ ತೆರೆದಿದೆಯೇ, ನೀರು ಬರುತ್ತದೆಯೇ, ಚಿಲಕವಿದೆಯೇ ಎಂದು ಬರೆಯಿರಿ. ಬರೆಯುವ ಮೊದಲು ಏಳನೇ ತರಗತಿಯ ಹೆಣ್ಣುಮಕ್ಕಳನ್ನು ಶಿಕ್ಷಕಿಯೊಬ್ಬರಿಂದ ಕೇಳಿಸಿ.

## ಹಂತ 7: ಎರಡು ಪುಟಕ್ಕೆ ಇಳಿಸಿ, ಪೋಷಕರೊಬ್ಬರಿಂದ ಓದಿಸಿ

ವರದಿಯ ಕ್ರಮ: ಕಳೆದ ವರ್ಷದ ಮಾತುಗಳು ಏನಾದವು, ಮಕ್ಕಳ ಓದು ಮತ್ತು ಲೆಕ್ಕ, ಹಾಜರಾತಿ, ಹಣ, ಸೌಲಭ್ಯ, ಮುಂದಿನ ವರ್ಷಕ್ಕೆ ಮೂರು ಕೆಲಸ. ಕ್ರೀಡಾಕೂಟದ ಬಹುಮಾನ, ಪ್ರತಿಭಾ ಕಾರಂಜಿ, ಪ್ರವಾಸದ ಫೋಟೊಗಳು ಕೊನೆಗೆ, ನಾಲ್ಕು ಸಾಲಿನಲ್ಲಿ. ಅವು ಮುಂದೆ ಬಂದರೆ ಸಭೆ ಚಪ್ಪಾಳೆಯಲ್ಲಿ ಮುಗಿದುಹೋಗುತ್ತದೆ.

ಭಾಷೆಯ ಬಗ್ಗೆ ಒಂದೇ ಉದಾಹರಣೆ. ‘ಪ್ರಸಕ್ತ ಸಾಲಿನಲ್ಲಿ ಕಲಿಕಾ ನ್ಯೂನತೆಯುಳ್ಳ ವಿದ್ಯಾರ್ಥಿಗಳಿಗೆ ಪರಿಹಾರ ಬೋಧನೆಯನ್ನು ಕೈಗೊಳ್ಳಲಾಗಿರುತ್ತದೆ’ ಎಂಬ ಸಾಲನ್ನು ಕಚೇರಿಗೆ ಬಿಡಿ. ಊರಿಗೆ ಹೀಗೆ ಬರೆಯಿರಿ: ‘ಓದಲು ಕಷ್ಟಪಡುತ್ತಿದ್ದ 14 ಮಕ್ಕಳಿಗೆ ನವೆಂಬರ್‌ನಿಂದ ದಿನಾ ಸಂಜೆ ಅರ್ಧ ಗಂಟೆ ಬೇರೆಯಾಗಿ ಕಲಿಸಿದೆವು. ಈಗ ಅವರಲ್ಲಿ 8 ಮಂದಿ ವಾಕ್ಯ ಓದುತ್ತಾರೆ.’ ಕರಡನ್ನು ಸಮಿತಿಯಲ್ಲಿ ಇಲ್ಲದ ಒಬ್ಬ ಪೋಷಕರ ಕೈಗೆ ಕೊಟ್ಟು ಗಟ್ಟಿಯಾಗಿ ಓದಲು ಹೇಳಿ. ಅವರು ತಡೆದು ನಿಂತ ಕಡೆಯೆಲ್ಲ ಗೆರೆ ಎಳೆದು, ತಿದ್ದಿ.

ಮಗುವಿನ ಹೆಸರು, ಅಂಕ, ಜಾತಿ, ಅಂಗವೈಕಲ್ಯ, ಆಧಾರ್ ಸಂಖ್ಯೆ ಯಾವುದೂ ಫಲಕದ ಮೇಲೆ ಬರಬಾರದು, ವಾಟ್ಸ್ಆ್ಯಪ್ ಗುಂಪಿಗೂ ಹೋಗಬಾರದು. ಹಿಂದುಳಿದ ಮಗುವನ್ನು ಸಭೆಯಲ್ಲಿ ಎದ್ದು ನಿಲ್ಲಿಸುವುದು ಕಾಯ್ದೆಯ 17ನೇ ಪ್ರಕರಣ ನಿಷೇಧಿಸಿರುವ ಮಾನಸಿಕ ಹಿಂಸೆಯ ಸಾಲಿಗೇ ಸೇರುತ್ತದೆ. ಒಂದೊಂದು ಮಗುವಿನ ವಿಷಯ ಅದರ ತಾಯಿ ತಂದೆಗೆ, ಅಂಕಪಟ್ಟಿ ಕೊಡುವಾಗ, ಪಕ್ಕಕ್ಕೆ ಕರೆದು.

## ಹಂತ 8: ಸಭೆ

ಸಭೆಗೆ ಮೂರು ನಾಲ್ಕು ದಿನ ಮೊದಲು ಎಸ್‌ಡಿಎಂಸಿಯಲ್ಲಿ ವರದಿ ಮಂಡಿಸಿ, ಒಪ್ಪಿಗೆಯನ್ನು ನಡಾವಳಿಯಲ್ಲಿ ಬರೆಸಿ. ಊರ ಮುಂದೆ ಅಧ್ಯಕ್ಷರೇ ‘ಇದು ನನಗೆ ಗೊತ್ತಿಲ್ಲ’ ಎಂದರೆ ಮತ್ತೇನೂ ಉಳಿಯದು.

ಸಂತೆಯ ದಿನ ಬೇಡ. ಬೆಳಿಗ್ಗೆ ಹತ್ತೂವರೆಗೆ ಇಟ್ಟರೆ ಕೂಲಿ ಬಿಟ್ಟು ಬರಬೇಕು. ಶಿಕ್ಷಕರಿಗೆ ಅನುಕೂಲ, ಊರಿಗಲ್ಲ. ದಿನವನ್ನು ಇಲಾಖೆ ನಿಗದಿಮಾಡಿದ್ದರೂ ಹೊತ್ತನ್ನು ಸಮಿತಿಯ ಜೊತೆ ಮಾತಾಡಿ ಹೊಂದಿಸಿಕೊಳ್ಳಬಹುದು. ಚೀಟಿಯನ್ನು ಮಕ್ಕಳ ಕೈಯಲ್ಲಿ ಕಳುಹಿಸಿ, ಅದರಲ್ಲಿ ‘ಶಾಲೆಗೆ ಬಂದ ಹಣದ ಲೆಕ್ಕ ಹೇಳುತ್ತೇವೆ’ ಎಂಬ ಸಾಲು ಇರಲಿ. ಸ್ವಸಹಾಯ ಸಂಘದವರ ಮೂಲಕವೂ ಸುದ್ದಿ ಮುಟ್ಟಿಸಿ, ತಾಯಂದಿರು ಬರುತ್ತಾರೆ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮತ್ತು ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಇಬ್ಬರಿಗೂ ಲಿಖಿತ ಆಹ್ವಾನ ಕೊಡಿ.

ವೇದಿಕೆ, ಶಾಲು, ಹಾರ ಬೇಡ ಎಂದರೆ ಕೆಲವರಿಗೆ ಬೇಸರವಾಗಬಹುದು. ಆಗಲಿ. ಗಣ್ಯರ ಭಾಷಣ ಮುಗಿಯುವ ಹೊತ್ತಿಗೆ ತಾಯಂದಿರು ಹಾಲು ಕರೆಯಲು ಎದ್ದಿರುತ್ತಾರೆ. ಗೋಡೆಗೆ ನಾಲ್ಕು ಡ್ರಾಯಿಂಗ್ ಹಾಳೆ ಅಂಟಿಸಿ, ಇಪ್ಪತ್ತು ನಿಮಿಷದಲ್ಲಿ ವರದಿ ಹೇಳಿ; ಹಣದ ಹಾಳೆಯನ್ನು ಮುಖ್ಯ ಶಿಕ್ಷಕರು ಓದದೆ ಪೋಷಕ ಸದಸ್ಯರೇ ಓದಲಿ. ಉಳಿದ ಹೊತ್ತೆಲ್ಲ ಪ್ರಶ್ನೆಗೆ. ಮೊದಲ ಪ್ರಶ್ನೆಯನ್ನು ಹಿಂದಿನ ಸಾಲಿನ ಹೆಂಗಸರಿಂದ ಕೇಳಿ ಪಡೆಯಿರಿ, ಮುಂದಿನ ಸಾಲಿನವರು ಹೇಗೂ ಮಾತಾಡುತ್ತಾರೆ. ಉತ್ತರ ಕೈಯಲ್ಲಿಲ್ಲದ ಪ್ರಶ್ನೆಗೆ ‘ಇಂಥ ದಿನದೊಳಗೆ ತಿಳಿಸುತ್ತೇವೆ’ ಎಂದು ಹೇಳಿ, ಅಲ್ಲಿಯೇ ಬರೆದುಕೊಳ್ಳಿ.

ಕೊನೆಗೆ ಮುಂದಿನ ವರ್ಷದ ಮೂರು ಕೆಲಸಗಳನ್ನು ತೀರ್ಮಾನಿಸಿ. ಪ್ರತಿಯೊಂದಕ್ಕೂ ಜವಾಬ್ದಾರರ ಹೆಸರು, ಕೊನೆಯ ದಿನಾಂಕ. ಹತ್ತು ಕೆಲಸ ಬರೆದರೆ ಒಂದೂ ಆಗದು. ನಡಾವಳಿಯನ್ನು ಎಲ್ಲರ ಮುಂದೆ ಓದಿ ಹೇಳಿದ ಮೇಲೆಯೇ ಸಹಿ ಅಥವಾ ಹೆಬ್ಬೆಟ್ಟು; ಖಾಲಿ ಪುಟಕ್ಕೆ ಸಹಿ ಹಾಕಿಸಿ ಆಮೇಲೆ ತುಂಬುವ ರೂಢಿ ಇದ್ದರೆ ಇಂದೇ ಬಿಡಿ.

## ಹಂತ 9: ಸಭೆಯ ನಂತರದ ವಾರ

ವರದಿಯ ಪ್ರತಿಯನ್ನು ಸೂಚನಾ ಫಲಕದಲ್ಲಿ, ಗ್ರಾಮ ಪಂಚಾಯಿತಿ ಕಚೇರಿಯಲ್ಲಿ, ಅಂಗನವಾಡಿಯಲ್ಲಿ ಹಾಕಿ. ಪಂಚಾಯಿತಿಯಿಂದ ಆಗಬೇಕಾದ ಕೆಲಸಕ್ಕೆ ನಡಾವಳಿಯ ನಕಲು ಸಹಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮುಂದಿನ ಗ್ರಾಮಸಭೆಯಲ್ಲೂ ಮಕ್ಕಳ ಗ್ರಾಮಸಭೆಯಲ್ಲೂ ಅದೇ ಅರ್ಜಿ ಕೈಯಲ್ಲಿರಬೇಕು. ಸಭೆಗೆ ಬಾರದ ಮನೆಗಳ ಪಟ್ಟಿ ಮಾಡಿ. ಹಾಜರಾತಿ ಕಡಿಮೆಯಿರುವ ಮಕ್ಕಳ ಮನೆಗಳೇ ಆ ಪಟ್ಟಿಯಲ್ಲಿ ಹೆಚ್ಚಾಗಿರುವುದನ್ನು ನೋಡುತ್ತೀರಿ. ಬೇಸಿಗೆ ರಜೆಗೆ ಮುನ್ನ ಆ ಮನೆಗಳಿಗೆ ಹೋಗಿಬನ್ನಿ.

## ಕೆಲಸ ಹಾದಿ ತಪ್ಪುತ್ತಿರುವ ಗುರುತುಗಳು

ಎಲ್ಲ ತರಗತಿಗಳ ಹಾಜರಾತಿಯೂ 95ರಿಂದ 98ರ ನಡುವೆ ಇದೆ. ಕಳೆದ ವರ್ಷದ ಪಟ್ಟಿಯಲ್ಲಿ ‘ಆಗಿಲ್ಲ’ ಎಂಬುದು ಒಂದೂ ಇಲ್ಲ. ಖರ್ಚುಗಳೆಲ್ಲ ಸಾವಿರದ ದುಂಡು ಅಂಕಿಗಳಲ್ಲಿವೆ. ಹೆಚ್ಚಿನ ವೋಚರ್‌ಗಳು ಮಾರ್ಚ್ ಕೊನೆಯ ವಾರದವು, ಒಂದೇ ಅಂಗಡಿಯವು. ಕರಡು ಓದಿದ ಪೋಷಕರು ‘ಚೆನ್ನಾಗಿದೆ ಸಾರ್’ ಎಂದಷ್ಟೇ ಹೇಳಿದರು. ಸಭೆಯಲ್ಲಿ ಯಾರೂ ಪ್ರಶ್ನೆ ಕೇಳಲಿಲ್ಲ.

ಇವುಗಳಲ್ಲಿ ಎರಡು ಕಂಡರೂ ಹಂತ 3ಕ್ಕೆ ಮರಳಿ, ವಹಿಗಳನ್ನು ಮತ್ತೊಮ್ಮೆ ಅಡ್ಡಸಾಲಿನಲ್ಲಿ ಓದಿ. ಕೊನೆಯ ಗುರುತು ಕಂಡಿತೆಂದರೆ ಮಾತ್ರ ವಹಿಗಳ ತಪ್ಪಲ್ಲ. ಮುಂದಿನ ಸಭೆಯನ್ನು ಶಾಲೆಯ ಆವರಣದಲ್ಲಿ ಇಡದೆ ಕೇರಿಯ ಕಟ್ಟೆಯ ಮೇಲೆ ಇಟ್ಟು ನೋಡಿ, ಮತ್ತು ಶಿಕ್ಷಕರು ಕುರ್ಚಿ ಬಿಟ್ಟು ಜಮಖಾನದ ಮೇಲೆ ಕುಳಿತುಕೊಳ್ಳಲಿ.